ತಕ್ಕಡಿ ಸಾಹೇಬರ ಹೇಳಿಕೆ

ಗಂಡನಿರುವ ದೇಶಕ್ಕೆ ಹೋಗಲು ದೊಡ್ಡವಳು ಹಾಕಿದ್ದ ಅರ್ಜಿ ವಾಪಸ್ ಬಂದದ್ದು ಬೆಳಗಿನ ತಿಂಡಿಯ ಹೊತ್ತಿಗೆ. ಮನೆಯಲ್ಲಿ ನಾಲ್ವರೂ ಇದ್ದರು. ಅತ್ತೆ, ಅಪ್ಪನ ಅಕ್ಕ, ಒಲೆಯ ಮುಂದೆ ಮೊಟ್ಟೆ ಹುರಿಯುತ್ತಿದ್ದಳು. ಚಿಕ್ಕವಳು ಕಂಡಕ್ಟರಿನ ಯೂನಿಫಾರ್ಮ್ ತೊಟ್ಟು ನಿಂತುಕೊಂಡೇ ಬ್ರೆಡ್ ತಿನ್ನುತ್ತಿದ್ದಳು. ಬಸ್ಸಿನಲ್ಲಿ ನಿಂತು ನಿಂತು ಅವಳಿಗೆ ಕೂರುವುದೇ ಮರೆತುಹೋಗಿತ್ತು. ಅಪ್ಪ ಎಂದಿನಂತೆ ಚಹಾದ ಲೋಟ ಮುಂದಿಟ್ಟುಕೊಂಡು ಅದು ಆರುವುದನ್ನೇ ಕಾಯುತ್ತಿದ್ದರು.

ದೊಡ್ಡವಳು ಲಕೋಟೆ ಒಡೆದು ಓದಿದಳು. ಇನ್ನೊಮ್ಮೆ ಓದಿದಳು.

"ಏನಂತೆ?" ಎಂದಳು ಅತ್ತೆ.

"ಸಾಲದಂತೆ."

"ಏನು ಸಾಲದಂತೆ?"

"ಸಾಕ್ಷಿ. ನಾವಿಬ್ಬರೂ ನಿಜವಾಗ್ಲೂ ಗಂಡ ಹೆಂಡ್ತಿ ಅನ್ನೋದಕ್ಕೆ."

"ಅಯ್ಯೋ ಇವರ ಮುಖಕ್ಕಿಷ್ಟು! ರಿಜಿಸ್ಟರ್ ಆಫೀಸಲ್ಲಿ ನಾನೇ ಸಹಿ ಹಾಕಿದೀನಲ್ಲೇ. ನಾನೇನು ಲೆಕ್ಕಕ್ಕಿಲ್ವಾ?"

"ಇಪ್ಪತ್ತೆಂಟು ದಿನ ಟೈಮ್ ಕೊಟ್ಟಿದಾರೆ," ಎಂದಳು ದೊಡ್ಡವಳು. "ಎರಡು ವಿಷಯ ಬೇಕಂತೆ. ಒಂದು, ಮದುವೆಗೆ ಮುಂಚೆ ಮೂರು ವರ್ಷ ನಮ್ಮಿಬ್ಬರ ಮಧ್ಯೆ ಕಾಗದ ಇಲ್ಲ, ಫೋನಿಲ್ಲ, ಯಾಕೆ ಅಂತ. ಇನ್ನೊಂದು..." ಅವಳು ಅಪ್ಪನ ಕಡೆ ನೋಡಲಿಲ್ಲ. "ಅಪ್ಪ ಅಮ್ಮ ಬದುಕಿದ್ರೆ ಅವರ ಹೇಳಿಕೆ ಬೇಕಂತೆ. ಸಹಿ ಹಾಕಿ."

"ಕೊಡದೇ ಹೋದ್ರೆ?" ಎಂದಳು ಚಿಕ್ಕವಳು.

"ಅರ್ಜಿ ವಜಾ. ಮತ್ತೆ ಎರಡು ವರ್ಷ ಹಾಕೋ ಹಾಗಿಲ್ಲ."

ಅಮ್ಮ ತೀರಿಕೊಂಡು ಹದಿಮೂರು ವರ್ಷ. ಆದ್ದರಿಂದ ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಲೋಟ ಮುಟ್ಟಿ ನೋಡಿದರು. ಚಹಾ ಇನ್ನೂ ಬಿಸಿಯಿತ್ತು.

ಅಪ್ಪನನ್ನು ಪೇಟೆಯವರೆಲ್ಲ ತಕ್ಕಡಿ ಸಾಹೇಬರು ಎನ್ನುತ್ತಿದ್ದರು. ತೂಕ ಮತ್ತು ಅಳತೆ ಇಲಾಖೆಯಲ್ಲಿ ಮೂವತ್ತೊಂದು ವರ್ಷ ಇನ್ಸ್‌ಪೆಕ್ಟರ್ ಆಗಿದ್ದವರು. ಅಂಗಡಿ ಅಂಗಡಿ ತಿರುಗಿ ತಕ್ಕಡಿ, ತೂಕದ ಕಲ್ಲು, ಲೀಟರಿನ ಅಳತೆ ಎಲ್ಲವನ್ನೂ ಪರೀಕ್ಷಿಸಿ ಸರಕಾರದ ಮುದ್ರೆ ಒತ್ತುವ ಕೆಲಸ. ತಾವು ಕಣ್ಣಾರೆ ನೋಡದ ಒಂದೇ ಒಂದು ಕಲ್ಲಿಗೂ ಮುದ್ರೆ ಒತ್ತಿದವರಲ್ಲ. ಮೇಲಧಿಕಾರಿ ಹೇಳಿದರೂ ಇಲ್ಲ, ಮಂತ್ರಿಯ ಬಾವಮೈದುನ ಹೇಳಿದರೂ ಇಲ್ಲ. ನಿವೃತ್ತರಾಗಿ ನಾಲ್ಕು ವರ್ಷವಾದರೂ ಆ ಚಾಳಿ ಬಿಟ್ಟಿರಲಿಲ್ಲ. ಅಂಗಡಿಯಿಂದ ಬಂದ ಸಕ್ಕರೆಯನ್ನು ಮನೆಯಲ್ಲಿ ಮತ್ತೊಮ್ಮೆ ತೂಗುವುದು, ಹಾಲಿನವನ ಅಳತೆಯೊಳಗೆ ಬೆರಳಿಟ್ಟು ತಳ ತಡವುವುದು, ದಿನದ ಸಮಾಚಾರವನ್ನು ಗಂಟೆ ನಿಮಿಷ ಸಮೇತ ಡೈರಿಯಲ್ಲಿ ಬರೆಯುವುದು. ಮನೆಯವರಿಗೆ ಇದೆಲ್ಲ ರೇಡಿಯೋದ ಗೊರಗೊರದಷ್ಟು ಮಾಮೂಲಿ.

ದೊಡ್ಡವಳ ಕೆಲಸ ಹಲ್ಲಿನ ಡಾಕ್ಟರ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ. ಡಾಕ್ಟರು ಅಚ್ಚು ತೆಗೆದು ಕೊಡುತ್ತಾರೆ, ಇವಳು ಮೇಣದಲ್ಲಿ ಕೂರಿಸಿ, ಉಜ್ಜಿ, ತಿಕ್ಕಿ ಹಲ್ಲಿನ ಸೆಟ್ಟು ಮಾಡುತ್ತಾಳೆ. ಐದು ವರ್ಷದ ಹಿಂದೆ ಒಬ್ಬ ವೆಲ್ಡರ್ ಮುಂದಿನ ಹಲ್ಲು ಮುರಿದುಕೊಂಡು ಬಂದಿದ್ದ. ಇವಳು ಮಾಡಿದ ಹಲ್ಲು ಮೊದಲ ಸಲಕ್ಕೇ ಸರಿಯಾಗಿ ಕೂತಿತ್ತು. ಆದರೂ ಅವನು ಒತ್ತುತ್ತದೆ, ಚುಚ್ಚುತ್ತದೆ ಎಂದುಕೊಂಡು ಇನ್ನೂ ನಾಲ್ಕು ಸಲ ಬಂದ. ನಾಲ್ಕನೆಯ ಸಲ ಇವಳು, "ಹಲ್ಲು ಸರಿಯಾಗಿದೆ, ನಿಮಗೇನು ಬೇಕು ಹೇಳಿ," ಎಂದಳು. ಅವನು ಹೇಳಿದ.

ಅಪ್ಪ ಬೇಡ ಎಂದರು. ಇಂದು ಇಲ್ಲಿ, ನಾಳೆ ಯಾವುದೋ ಹಡಗುಕಟ್ಟೆಯಲ್ಲಿ, ವಿಳಾಸವಿಲ್ಲದ ಮನುಷ್ಯ ಎಂದರು. ಅವನು ಕೆಲಸಕ್ಕೆಂದು ಸಮುದ್ರದಾಚೆ ಹೋದ. ಮೂರು ವರ್ಷ ಸದ್ದಿಲ್ಲ ಸುದ್ದಿಯಿಲ್ಲ. ದೊಡ್ಡವಳು ಮೊದಲ ವರ್ಷ ಅತ್ತಳು, ಎರಡನೆಯ ವರ್ಷ ಬೈದಳು, ಮೂರನೆಯ ವರ್ಷ ಮರೆತೆ ಎಂದು ಹೇಳಿಕೊಂಡು ತಿರುಗಿದಳು. ಹೋದ ವರ್ಷ ಅವನು ಒಂದು ಮಧ್ಯಾಹ್ನ ನೇರ ಆ ಹಿಂದಿನ ಕೋಣೆಗೇ ಬಂದು ನಿಂತ. ಒಂದು ತಿಂಗಳ ರಜೆಯಲ್ಲಿ ರಿಜಿಸ್ಟರ್ ಮದುವೆಯಾಯಿತು. ಅತ್ತೆ, ಚಿಕ್ಕವಳು ಸಾಕ್ಷಿ, ಅಪ್ಪ ಹೋಗಲಿಲ್ಲ. ಬಾಡಿಗೆ ಕೋಣೆಯಲ್ಲಿ ಹತ್ತೊಂಬತ್ತು ದಿನ ಸಂಸಾರ. ಆಮೇಲೆ ಅವನು ವಾಪಸ್ ಹಡಗುಕಟ್ಟೆಗೆ, ಇವಳು ವಾಪಸ್ ಅಪ್ಪನ ಮನೆಗೆ. ಅಪ್ಪ ಅವಳ ಜೊತೆ ಎಲ್ಲ ಮಾತಾಡುತ್ತಿದ್ದರು, ಅದೊಂದನ್ನು ಬಿಟ್ಟು. ಅಳಿಯನನ್ನು ಹೆಸರಿಸಲೇಬೇಕಾದಾಗ 'ಹಡಗಿನವನು' ಎನ್ನುತ್ತಿದ್ದರು.

ಮಾರನೆಯ ದಿನ ದೊಡ್ಡವಳು ಅರ್ಜಿಯಮ್ಮನ ಹತ್ತಿರ ಓಡಿದಳು. ಹೊರದೇಶಕ್ಕೆ ಹೋಗುವವರ ಅರ್ಜಿ ಬರೆದುಕೊಡುವ ಆ ಹೆಂಗಸಿನ ಕೋಣೆ ಬಟ್ಟೆ ಅಂಗಡಿಯ ಮಹಡಿಯ ಮೇಲಿತ್ತು. ಅವಳ ಹತ್ತಿರ ಎಲ್ಲದಕ್ಕೂ ಟೈಪ್ ಮಾಡಿದ ಹಾಳೆ ಸಿದ್ಧವಿರುತ್ತಿತ್ತು. ಅಪ್ಪನ ಹೇಳಿಕೆಯ ಹಾಳೆಯೂ ಇತ್ತು. ಹೆಸರು ತುಂಬಿ ಸಹಿ ಹಾಕಿದರೆ ಮುಗಿಯಿತು.

ರಾತ್ರಿಯೂಟಕ್ಕೆ ಅನ್ನ, ಆಲೂಗಡ್ಡೆ ಪಲ್ಯ. ತಟ್ಟೆ ತೆಗೆದ ಮೇಲೆ ದೊಡ್ಡವಳು ಮೇಜು ಒರೆಸಿ, ಹಾಳೆ ಇಟ್ಟು, ಪೆನ್ನಿನ ಮುಚ್ಚಳ ತೆಗೆದು ಅಪ್ಪನ ಕೈಗೆ ಕೊಟ್ಟಳು. ಅಪ್ಪ ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

"'ಈ ವಿವಾಹವು ನನ್ನ ಪೂರ್ಣ ಒಪ್ಪಿಗೆಯಿಂದ, ನನ್ನ ಸಮಕ್ಷಮದಲ್ಲಿ ನಡೆದಿರುತ್ತದೆ.' ಸುಳ್ಳು. 'ದಂಪತಿಗಳು ಅನ್ಯೋನ್ಯವಾಗಿ ಬಾಳುತ್ತಿರುವುದನ್ನು ನಾನು ಖುದ್ದಾಗಿ ನೋಡಿರುತ್ತೇನೆ.' ಇದೂ ಸುಳ್ಳು. ನಾನೆಲ್ಲಿ ನೋಡಿದೆ?"

"ಎಲ್ಲರೂ ಹೀಗೇ ಬರೆಯೋದಂತೆ ಅಪ್ಪ."

"ಎಲ್ಲರೂ ಬರೆದ್ರೆ ನಿಜ ಆಗತ್ತಾ?"

"ಒಂದು ಸಹಿ!" ಎಂದಳು ಅತ್ತೆ. "ಕೊಡು ಇಲ್ಲಿ, ನಾನು ಹಾಕ್ತೀನಿ. ಅಪ್ಪನಿಗಿಂತ ಅಪ್ಪನ ಅಕ್ಕ ದೊಡ್ಡೋಳು ತಾನೇ?"

"ನೋಡದೇ ಇರೋದಕ್ಕೆ ನಾನು ಸಹಿ ಹಾಕಲ್ಲ," ಎಂದು ಅಪ್ಪ ಪೆನ್ನಿನ ಮುಚ್ಚಳ ಹಾಕಿದರು.

"ಯಾಕೆ ನೋಡ್ಲಿಲ್ಲ?" ದೊಡ್ಡವಳ ದನಿ ಏರಿತು. "ರೂಮು ಇಲ್ಲಿಂದ ನಾಲ್ಕು ಸ್ಟಾಪು. ಬರಬೇಡಿ ಅಂದಿದ್ವಾ? ಹತ್ತೊಂಬತ್ತು ದಿನದಲ್ಲಿ ಒಂದು ದಿನ ಬಂದು ಒಂದು ಲೋಟ ಚಹಾ ಕುಡಿದಿದ್ರೆ ಇವತ್ತು ನೋಡಿದೀನಿ ಅಂತ ಬರೀಬಹುದಿತ್ತು."

"ಬರಲಿಲ್ಲ. ಅದಕ್ಕೇ ಬರೆಯಲ್ಲ."

ಚಿಕ್ಕವಳು, "ಮುಂದಿನ ಸ್ಟಾಪು ಗೋಡೆ, ಇಳಿಯೋರು ಇಳೀರಿ," ಎಂದು ಗೊಣಗಿಕೊಂಡು ಪಾತ್ರೆ ತೊಳೆಯಲು ಹೋದಳು.

ಮೊದಲ ವಾರ ಹೀಗೆ ಹೋಯಿತು. ಎರಡನೆಯ ವಾರ ದೊಡ್ಡವಳ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಹಲ್ಲಿನ ಡಾಕ್ಟರಿಗೆ ಕೆಲಸ ಬಿಡುವುದಾಗಿ ಮೊದಲೇ ಹೇಳಿಯಾಗಿತ್ತು. ಅವರು ಬೇರೊಬ್ಬಳನ್ನು ಗೊತ್ತುಮಾಡಿಕೊಂಡೂ ಆಗಿತ್ತು. ಆ ಹೊಸಬಳಿಗೆ ಬೆಳಿಗ್ಗೆಯೆಲ್ಲ ಕೆಲಸ ಕಲಿಸುವುದು, ಸಂಜೆ ಮನೆಗೆ ಬಂದು ಸೂಟ್‌ಕೇಸ್ ತುಂಬುವುದು, ಮತ್ತೆ ಖಾಲಿ ಮಾಡುವುದು. ಹೋಗುವುದು ಖಾತ್ರಿಯೇ ಇಲ್ಲದ ಪ್ರಯಾಣಕ್ಕೆ ಇಷ್ಟು ಸಲ ಮೂಟೆ ಕಟ್ಟಿದವರು ಬೇರೆ ಇರಲಿಕ್ಕಿಲ್ಲ. ಸ್ವೆಟರ್ ಒಳಗೆ, ಸ್ವೆಟರ್ ಹೊರಗೆ. ಅತ್ತೆ ಸಂದಿಗೊಂದಿಯಲ್ಲಿ ಸೋಪು ತುರುಕುತ್ತಿದ್ದಳು.

"ಅಲ್ಲಿ ಸೋಪು ಸಿಗಲ್ವಾ ಅತ್ತೆ?"

"ಸಿಗತ್ತೆ. ಮೈಗೆ ಒಗ್ಗಬೇಕಲ್ಲ. ಅದಿರಲಿ, ನನ್ನ ಹಲ್ಲಿನ ಗತಿ ಏನು ಹೇಳು. ಕೆಳಗಿನದು ಸಡಿಲ ಆಗಿದೆ. ನೀನು ವಿಮಾನ ಹತ್ತಿದ ದಿನ ಇದು ಬಾಯಿಂದ ಹಾರತ್ತೆ."

"ಹೊಸದು ಮಾಡ್ತಿದೀನಿ. ಹೋಗೋಕೆ ಮುಂಚೆ ಕೊಡ್ತೀನಿ."

"ಹೋಗ್ತೀಯಾ ಹಾಗಾದ್ರೆ?"

"ನಿಮ್ಮ ತಮ್ಮನ್ನ ಕೇಳಿ!"

ಅಪ್ಪ ಆ ಹೊತ್ತಿಗೆ ಸರಿಯಾಗಿ, ಬಚ್ಚಲುಮನೆಯ ಪಕ್ಕ ಇಟ್ಟಿರುತ್ತಿದ್ದ ನಿಂತು ತೂಕ ನೋಡುವ ಮೆಷೀನನ್ನು ಬಗಲಲ್ಲಿಟ್ಟುಕೊಂಡು ಬಂದರು. ವಿಮಾನಕ್ಕೆ ಇಪ್ಪತ್ಮೂರು ಕಿಲೋ ಮಿತಿ ಎಂದು ಯಾರೋ ಆಡಿದ್ದು ಅವರ ಕಿವಿಗೆ ಬಿದ್ದಿತ್ತು. ಯಾರೂ ಕರೆಯದಿದ್ದರೂ ಮಂಡಿಯೂರಿ ಕೂತು, ಮೆಷೀನಿನ ಮೇಲೆ ಒಂದು ಕಿಲೋದ ಹತ್ತು ಸಕ್ಕರೆ ಪೊಟ್ಟಣ ಇಟ್ಟು ಪರೀಕ್ಷೆ ಮಾಡಿ, "ಇದು ನಾನೂರು ಗ್ರಾಂ ಕಡಿಮೆ ತೋರಿಸ್ತಿದೆ. ಇದನ್ನ ನಂಬಿಕೊಂಡು ಹೋಗಿದ್ರೆ ಅಲ್ಲಿ ಸಿಕ್ಕಿಬೀಳ್ತಿದ್ದೆ," ಎಂದು ಸೂಟ್‌ಕೇಸಿನಿಂದ ಎರಡು ಸೋಪು ತೆಗೆದು ಹೊರಗಿಟ್ಟರು.

ಚಿಕ್ಕವಳು ನಕ್ಕಳು. "ಅಪ್ಪ, ಪೆಟ್ಟಿಗೆಗೊಂದು ಮುದ್ರೆ ಒತ್ತಿಬಿಡಿ."

ದೊಡ್ಡವಳಿಗೆ ನಗು ಬರಲಿಲ್ಲ. "ನಾನೂರು ಗ್ರಾಂ! ನಾನೂರು ಗ್ರಾಂ ನಿಮಗೆ ಕಾಣತ್ತೆ. ಇಲ್ಲಿ ನನ್ನ ಬಾಳು ಹಾಳಾಗ್ತಿರೋದು ಕಾಣಲ್ಲ. ಪೆಟ್ಟಿಗೆ ತೂಗೋಕೆ ಕೈ ಬರತ್ತೆ, ಸಹಿ ಹಾಕೋಕೆ ಬರಲ್ಲ ಅಲ್ವಾ? ನನ್ನನ್ನ ಕಳಿಸೋಕೆ ಇಷ್ಟ ಇಲ್ಲ ಅಂತ ನೇರ ಹೇಳಿ, ಸತ್ಯದ ಹೆಸರು ಯಾಕೆ ಹೇಳ್ತೀರಿ?"

ಅಪ್ಪ ಎದ್ದು ನಿಂತರು. "ಬೀಗಕ್ಕೆ ಎಣ್ಣೆ ಹಾಕಬೇಕು, ಗಟ್ಟಿ ಇದೆ," ಎಂದು ಎಣ್ಣೆ ಹುಡುಕಲು ಹೋದರು.

ಮೂರನೆಯ ಭಾನುವಾರ. ಭಾನುವಾರ ಹನ್ನೊಂದಕ್ಕೆ ಹಡಗುಕಟ್ಟೆಯಿಂದ ಫೋನ್ ಬರುವುದು ರೂಢಿ; ಅಲ್ಲಿನ ಕೆಲಸಗಾರರಿಗೆ ಫೋನಿನ ಕೋಣೆ ತೆರೆಯುವುದು ಅಂದು ಮಾತ್ರ. ಮದುವೆಯಾದಾಗಿನಿಂದ ಅಪ್ಪ ಹತ್ತೂಮುಕ್ಕಾಲಕ್ಕೇ ಚಪ್ಪಲಿ ಮೆಟ್ಟಿ ಹೊರಗೆ ಹೋಗಿಬಿಡುತ್ತಿದ್ದರು. ಮಗಳಿಗೆ ಅದು ಉರಿಯುವ ಗಾಯಕ್ಕೆ ಉಪ್ಪು ಸವರಿದಂತೆ. ಅಂದು ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿತ್ತು. ಅಪ್ಪ ಹೊರಗಿನ ಮೆಟ್ಟಿಲ ಮೇಲೆ ಕೂತು ಸೂಜಿ ದಾರ ಹಿಡಿದು ಹೊಲಿಯುತ್ತಿದ್ದರು. ಫೋನಿದ್ದ ನಡುಮನೆಯ ಕಿಟಕಿ ತೆರೆದಿತ್ತು.

"ಏನು ಬರೀಲಿ ಹೇಳಿ," ದೊಡ್ಡವಳು ಫೋನಿನಲ್ಲಿ ಕಿರುಚುತ್ತಿದ್ದಳು. "ಮೂರು ವರ್ಷ ಯಾಕೆ ಸುದ್ದಿ ಇರಲಿಲ್ಲ ಅಂತ ಕೇಳ್ತಿದಾರೆ. ನಾನೂ ಅದನ್ನೇ ಕೇಳ್ತಿದೀನಿ, ಒಂದು ವರ್ಷದಿಂದ!... ಕೆಲಸ ಜಾಸ್ತಿ ಇತ್ತು ಅಂತ ಬರೀಲಾ? ಮೂರು ವರ್ಷದಲ್ಲಿ ಒಂದು ಫೋನ್ ಮಾಡೋಕೆ ಆಗದಷ್ಟು? ಧೈರ್ಯ ಬರಲಿಲ್ಲ ಅಂತ ಬರೀಲಾ? ಧೈರ್ಯ ಇಲ್ಲದವನು ಗಂಡ ಹೇಗಾದ ಅಂತ ಕೇಳ್ತಾರೆ... 'ನಾನು ದಡ್ಡ ಅಂತ ಬರಿ' ಅಂತೀರಲ್ಲ, ಇದು ತಮಾಷೆನಾ? ಒಂದೊಂದು ಸಲ ನನಗೇ ಅನುಮಾನ ಬರತ್ತೆ. ಅಲ್ಲಿ ಬೇರೆ ಯಾರೋ ಇದ್ದಳೇನೋ ಅಂತ. ಹೂಂ, ಅಂದೆ. ಇನ್ನೊಂದು ಸಲ ಅಂತೀನಿ..."

ಫೋನ್ ಇಟ್ಟ ಸದ್ದು ಮೆಟ್ಟಿಲವರೆಗೂ ಕೇಳಿಸಿತು. ಸೂಜಿ ಅಪ್ಪನ ಬೆರಳಿಗೆ ಚುಚ್ಚಿತು. ಅವರು ಚಪ್ಪಲಿಯನ್ನು ಅರ್ಧಕ್ಕೇ ಬಿಟ್ಟು ಒಳಗೆ ಹೋಗಿ, ಸ್ಟೂಲು ಹತ್ತಿ, ಅಟ್ಟದ ಮೇಲಿನ ಡೈರಿಗಳ ಕಟ್ಟು ಇಳಿಸಿದರು.

ಆಮೇಲೆ ಐದು ದಿನ ಅವರು ಕೋಣೆ ಬಿಟ್ಟು ಬರಲಿಲ್ಲ ಎನ್ನಬೇಕು. ಬರೆಯುವುದು, ಹರಿಯುವುದು, ಮತ್ತೆ ಬರೆಯುವುದು. ಅತ್ತೆ ತಟ್ಟೆ ಒಯ್ದು ಬಾಗಿಲ ಹತ್ತಿರ ನಿಂತು, "ಲೋ, ಉಂಡಾದರೂ ಬರಿ. ನಿನ್ನ ಚಹಾ ಕುಡಿಯೋ ಹಾಗೆ ಊಟನೂ ಆರಿಸಿ ತಿಂದ್ರೆ ಹೊಟ್ಟೆ ಕೆಡತ್ತೆ," ಎಂದು ಬೈದಳು. ಅವರು ಕೇಳಿಸಿಕೊಳ್ಳಲಿಲ್ಲ. ದೊಡ್ಡವಳು ಆ ಕಡೆ ತಲೆಯೆತ್ತಿಯೂ ನೋಡಲಿಲ್ಲ. ಉಳಿದದ್ದು ಆರೇ ದಿನ. ಅವಳು ಹೇಳಿಕೆ ಇಲ್ಲದೆಯೇ ಅರ್ಜಿ ಕಳಿಸುವುದೆಂದು ನಿರ್ಧರಿಸಿ, ಬಾಡಿಗೆ ಕೋಣೆಯ ಯಜಮಾನಿಯಿಂದ ಒಂದು ಕಾಗದ ಬರೆಸಿ ತಂದಿದ್ದಳು. ಅದು ಸಾಲದು ಎಂದು ಅರ್ಜಿಯಮ್ಮ ಮುಖದ ಮೇಲೇ ಹೇಳಿದ್ದಳು.

ಶನಿವಾರ ಮಧ್ಯಾಹ್ನದ ಊಟವಾದ ಮೇಲೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ನಡುಮನೆಗೆ ಬಂದರು. ಕೈಯಲ್ಲಿ ನಾಲ್ಕು ಹಾಳೆ, ಬಗಲಲ್ಲಿ ಮೂರು ಡೈರಿ.

"ಎಲ್ಲರೂ ಕೂತ್ಕೊಳ್ಳಿ," ಎಂದರು. "ಹೇಳಿಕೆಯನ್ನ ಸಹಿ ಹಾಕೋ ಮುಂಚೆ ಸಂಬಂಧಪಟ್ಟವರ ಎದುರು ಓದಬೇಕು. ಅದು ಕ್ರಮ. ಅಕ್ಕ, ನೀನೂ ಕೂತ್ಕೋ. ಚಿಕ್ಕಿ, ಇವತ್ತಾದ್ರೂ ಕೂತ್ಕೋ."

ಚಿಕ್ಕವಳು ಕೂತಳು. ಅಪ್ಪ ನಿಂತೇ ಓದಿದರು.

"'ನಾನು ಅರ್ಜಿದಾರಳ ತಂದೆ. ಕಣ್ಣಾರೆ ಕಂಡದ್ದನ್ನೂ ಕಿವಿಯಾರೆ ಕೇಳಿದ್ದನ್ನೂ ಮಾತ್ರ ಇಲ್ಲಿ ಬರೆದಿದ್ದೇನೆ. ಮಗಳ ಮದುವೆಗೆ ನಾನು ಹೋಗಿಲ್ಲ. ಅವರು ಬಾಳಿದ ಕೋಣೆಯನ್ನು ನಾನು ನೋಡಿಲ್ಲ. ಆ ಬಗ್ಗೆ ಹೇಳಲು ನನಗೆ ಹಕ್ಕಿಲ್ಲ.'"

"ಶುರುವಾಯ್ತು," ಎಂದು ದೊಡ್ಡವಳು ಏಳಲು ಹೋದಳು. ಚಿಕ್ಕವಳು ಅವಳ ಕೈ ಹಿಡಿದು ಕೂರಿಸಿದಳು.

"'ಮದುವೆಗೆ ಮುಂಚಿನ ಮೂರು ವರ್ಷ ಇವರಿಬ್ಬರ ನಡುವೆ ಸಂಪರ್ಕವಿರಲಿಲ್ಲ ಎಂಬುದು ತಮ್ಮ ಆಕ್ಷೇಪಣೆ. ಆ ಮೂರು ವರ್ಷ ಅವನು ತಿಂಗಳ ಮೊದಲನೆಯ ಮತ್ತು ಮೂರನೆಯ ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ನಮ್ಮ ಮನೆಗೆ ಫೋನ್ ಮಾಡಿದ್ದಾನೆ. ಒಟ್ಟು ಎಪ್ಪತ್ತೊಂದು ಸಲ. ಆ ಹೊತ್ತಿಗೆ ನನ್ನ ಮಗಳು ತಾರಸಿಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಉಳಿದಿಬ್ಬರು ತರಕಾರಿಗೆ ಹೋಗಿರುತ್ತಿದ್ದರು. ಎಪ್ಪತ್ತೊಂದು ಸಲವೂ ಫೋನ್ ಎತ್ತಿದವನು ನಾನು. ಅವಳು ಮನೆಯಲ್ಲಿಲ್ಲ ಎಂದು ಹೇಳಿದವನೂ ನಾನು.'"

ಅಪ್ಪ ಹಾಳೆ ಮಗುಚಿದರು. ದನಿ ಕಚೇರಿಯದೇ.

"'ಮೂರನೆಯ ಸಲ ಅವನು, ಅವಳು ಮನೆಯಲ್ಲಿದ್ದಾಳೆಂದು ನನಗೆ ಗೊತ್ತು, ಯಾವಾಗ ಮಾತಾಡಬಹುದು ಹೇಳಿ ಎಂದ. ನಿನ್ನನ್ನು ಪರೀಕ್ಷೆ ಮಾಡಿ ಹೇಳುತ್ತೇನೆ. ಅಲ್ಲಿಯವರೆಗೆ ಅವಳಿಗೆ ಕಾಗದ ಬರೆಯಬಾರದು, ಬೇರೆ ಕಡೆ ಫೋನ್ ಮಾಡಬಾರದು ಎಂದೆ. ಒಪ್ಪಿದ. ಮಾತಿನಂತೆ ನಡೆದ. ನಾನು ದಿನ ಮುಂದೂಡುತ್ತ ಹೋದೆ. ಪ್ರತಿ ಸಲ ಅವನು ಕೇಳಿದ ಪ್ರಶ್ನೆ, ನಾನು ಕೊಟ್ಟ ಉತ್ತರ ಡೈರಿಯಲ್ಲಿವೆ. ಅವಳ ಕೆಮ್ಮು ಹೇಗಿದೆ ಎಂದು ಕೇಳಿದ, ಕಡಿಮೆಯಾಗಿದೆ ಎಂದೆ. ಕ್ಲಿನಿಕ್ಕಿನ ಪುಡಿ ಗಂಟಲಿಗೆ ಹೋಗುತ್ತದೆ, ಬಟ್ಟೆ ಕಟ್ಟಿಕೊಳ್ಳಲು ಹೇಳಿ ಎಂದ. ಹೇಳಿದೆ, ಅವನು ಹೇಳಿದ್ದೆಂದು ಹೇಳಲಿಲ್ಲ. ಒಂದೇ ಒಂದು ಭಾನುವಾರ ಫೋನ್ ಬರಲಿಲ್ಲ. ಅಂದು ನಾನು ಮಧ್ಯಾಹ್ನ ಎರಡರವರೆಗೆ ಫೋನಿನ ಪಕ್ಕ ಕೂತಿದ್ದೆ. ಮುಂದಿನ ಸಲ ಕೈ ಸುಟ್ಟಿತ್ತೆಂದು ಹೇಳಿದ.

"'ಇಪ್ಪತ್ತನೆಯ ಫೋನಿನ ಹೊತ್ತಿಗೇ ಈ ಮನುಷ್ಯನಲ್ಲಿ ಕೊರತೆಯಿಲ್ಲವೆಂದು ನನಗೆ ಖಾತ್ರಿಯಾಗಿತ್ತು. ಆದರೂ ಹೇಳಲಿಲ್ಲ. ಹೇಳಿದರೆ ಮಗಳು ಹೋಗಿಬಿಡುತ್ತಾಳೆಂದು ಹೇಳಲಿಲ್ಲ. ಇದಕ್ಕೆ ಬೇರೆ ಕಾರಣವಿಲ್ಲ. ಮೂರು ವರ್ಷದ ತಪ್ಪು ಅವನದಲ್ಲ, ಅವಳದಲ್ಲ, ನನ್ನದು.'"

ಅಪ್ಪ ಹಾಳೆ ಕೆಳಗಿಟ್ಟು, ಮೇಜಿನ ಮೇಲೆ ಬಗ್ಗಿ ಸಹಿ ಹಾಕಿದರು. ತಾರೀಖು ಹಾಕಿದರು.

ಅತ್ತೆ ಬಾಯಿಗೆ ಸೆರಗು ಒತ್ತಿಕೊಂಡಿದ್ದಳು. "ಮುಖ ಮುಚ್ಚಿಕೊಂಡು ಹೋಗೋ ಕೆಲಸ ಮಾಡಿದೀಯಲ್ಲೋ," ಎಂದಳು. "ಆ ಹುಡುಗಿ ನನ್ನ ಮಗ್ಗುಲಲ್ಲಿ ಮಲಗಿ ಅತ್ತಿದಾಳೆ. ನಿನಗೆ ಕೇಳಿಸ್ತಿರಲಿಲ್ವಾ?"

"ಕೇಳಿಸ್ತಿತ್ತು."

ದೊಡ್ಡವಳು ಒಂದು ಡೈರಿ ಎಳೆದುಕೊಂಡು ಭಾನುವಾರಗಳನ್ನು ಹುಡುಕಿ ಹುಡುಕಿ ಓದಿದಳು. ಅಪ್ಪನ ಸಣ್ಣ ಅಕ್ಷರ. 'ಹನ್ನೊಂದು ಎರಡು. ನಾಲ್ಕು ನಿಮಿಷ. ಅವಳ ಹುಟ್ಟಿದ ದಿನ ಎಂದು ನೆನಪಿಸಿದ.' ಆ ಹುಟ್ಟಿದ ದಿನ ಅವಳಿಗೆ ನೆನಪಿತ್ತು. ಅಂದು ಅವಳು ಯಾರ ಜೊತೆಯೂ ಮಾತಾಡಿರಲಿಲ್ಲ. ಒಗೆದ ಬಟ್ಟೆಯನ್ನೇ ಇನ್ನೊಮ್ಮೆ ಒಗೆದಿದ್ದಳು.

"ನೀವಿಬ್ಬರೂ ಸೇರಿ," ಎಂದು ಅವಳು ಡೈರಿ ಮುಚ್ಚಿದಳು. "ಗಂಡಸರಿಬ್ಬರೂ ಸೇರಿಕೊಂಡು... ಅವರಿಗೆ ನಿಮ್ಮ ಪರೀಕ್ಷೆ, ನಿಮಗೆ ಅವರು ಕೊಟ್ಟ ಮಾತು. ನನ್ನನ್ನ ಯಾರು ಕೇಳಿದ್ರಿ? ಮೇಲೆ ತಾರಸಿಯಲ್ಲೇ ಇದ್ದೆನಲ್ಲ ಅಪ್ಪ. ಹದಿನೆಂಟು ಮೆಟ್ಟಿಲು. ಒಂದು ಸಲ ಕೂಗಿದ್ರೆ ಬರ್ತಿದ್ದೆ."

ಅಪ್ಪ ಉಳಿದೆರಡು ಡೈರಿಯನ್ನೂ ಅವಳ ಮುಂದೆ ಸರಿಸಿದರು.

ಮರುದಿನ ಹನ್ನೊಂದಕ್ಕೆ ಫೋನ್ ಬಂದಾಗ ಅವಳು ಮೂರು ಸಲ ರಿಂಗಾಗಲು ಬಿಟ್ಟು ಎತ್ತಿದಳು. "ಎಪ್ಪತ್ತೊಂದು," ಎಂದಳು, ಬೇರೇನೂ ಹೇಳದೆ.

ಆ ತುದಿಯಿಂದ ವೆಲ್ಡರ್ ಮೆಲ್ಲಗೆ, "ಅವರೇ ಹೇಳಿದ್ರಾ ಡಾಕ್ಟ್ರಮ್ಮಾ?" ಎಂದ. ಹಲ್ಲು ಕೂರಿಸಿದ ದಿನದಿಂದ ಅವನಿಗೆ ಅವಳು ಡಾಕ್ಟ್ರಮ್ಮನೇ.

"ನೀವು ಯಾಕೆ ಹೇಳಲಿಲ್ಲ?"

"ನಾನು ದೂರ ಇರೋನು. ನನ್ನ ಮೇಲೆ ಸಿಟ್ಟು ಬಂದ್ರೆ ಫೋನ್ ಕುಕ್ಕಿ ಸುಮ್ಮನಾಗ್ತೀಯ. ಅವರ ಮೇಲೆ ಸಿಟ್ಟು ಬಂದ್ರೆ, ಅದೇ ಮನೇಲಿ ಇರಬೇಕಾದೋಳು ನೀನು, ಎಲ್ಲಿಗೆ ಹೋಗ್ತಿದ್ದೆ?"

"ಎಲ್ಲಿಗೆ ಹೋಗ್ಬೇಕು ಅಂತ ನಾನು ನೋಡ್ಕೋತಿದ್ದೆ. ಅದನ್ನೂ ನೀವೇ ತೀರ್ಮಾನ ಮಾಡಿದ್ರಿ." ಅವಳು ಅಳುತ್ತಿದ್ದಳು, ಆದರೆ ದನಿ ಮುರಿಯಲಿಲ್ಲ. "ಕೇಳಿಸ್ಕೊಳ್ಳಿ. ನಾನು ಬರ್ತೀನಿ. ಆದ್ರೆ ಇನ್ನು ಮೇಲೆ ನನ್ನ ವಿಷಯ ಏನಿದ್ರೂ ನನ್ನ ಹತ್ರ ಮಾತಾಡಬೇಕು. ನನ್ನ ಒಳ್ಳೇದಕ್ಕೆ ಅಂತ ಇನ್ನೊಂದು ಸಲ ಸುಳ್ಳು ಹೇಳಿದ್ರೆ ಅಲ್ಲಿಂದ ಟಿಕೆಟ್ ತಗೊಂಡು ವಾಪಸ್ ಬರ್ತೀನಿ, ಹಡಗಲ್ಲಾದ್ರೂ ಸರಿ, ಈಜಿಕೊಂಡಾದ್ರೂ ಸರಿ."

"ಈಜು ಬರಲ್ವಲ್ಲ ನಿನಗೆ."

"ಕಲೀತೀನಿ."

ಸೋಮವಾರ ಅರ್ಜಿಯಮ್ಮ ನಾಲ್ಕು ಹಾಳೆಯನ್ನೂ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೆ ಹಾಕಿಕೊಂಡಳು. "ಹದಿನಾರು ವರ್ಷದಿಂದ ಈ ಕೆಲಸ ಮಾಡ್ತಿದೀನಿ," ಎಂದಳು. "ಎಲ್ಲಾ ಅಪ್ಪಂದಿರೂ ಒಳ್ಳೆಯವರಾಗೇ ಸಹಿ ಹಾಕಿದಾರೆ. ಡೈರಿನೂ ಜೊತೆಗಿಡು. ಇದನ್ನ ಯಾರೂ ಸುಳ್ಳು ಅನ್ನಲ್ಲಮ್ಮ."

ಯಾರೂ ಅನ್ನಲಿಲ್ಲ. ಐದು ವಾರಕ್ಕೆ ಒಪ್ಪಿಗೆ ಬಂತು.

ಆ ಐದು ವಾರ ಮನೆಯಲ್ಲಿ ಅಪ್ಪ ಮಗಳ ನಡುವೆ ಆದ ಮಾತು ಬೆರಳಲ್ಲಿ ಎಣಿಸುವಷ್ಟು. ಉಪ್ಪು ಬೇಕಾ, ಬೇಡ. ನೀರು ಕಾಯ್ತಾ, ಕಾಯ್ತು. ಸಿಟ್ಟು ಇಳಿದಿದೆಯೇ ಎಂದು ಅತ್ತೆ ದಿನಕ್ಕೊಮ್ಮೆ ಇಣುಕಿ ನೋಡುತ್ತಿದ್ದಳು. ಇಳಿದಿರಲಿಲ್ಲ. ದೊಡ್ಡವಳಿಗೆ ಅಪ್ಪನನ್ನು ಕ್ಷಮಿಸುವ ಮನಸ್ಸಿತ್ತೋ ಏನೋ, ಆದರೆ ತಾರಸಿಗೆ ಹೋಗಿ ಒಂದು ಬಟ್ಟೆ ಹಿಂಡಿದರೆ ಸಾಕು, ಎಲ್ಲ ಮತ್ತೆ ಮೊದಲಿನಿಂದ ಕುದಿಯುತ್ತಿತ್ತು. ಅತ್ತೆಯ ಹೊಸ ಹಲ್ಲು ಸಿದ್ಧವಾಯಿತು. ಅದನ್ನು ಹಾಕಿಕೊಂಡು ಅತ್ತೆ ಕನ್ನಡಿಯ ಮುಂದೆ ನಕ್ಕು, "ಇಷ್ಟು ಚೆನ್ನಾಗಿರೋ ಹಲ್ಲು ಇಟ್ಕೊಂಡು ಅಳೋದಾದ್ರೂ ಹೇಗೆ?" ಎಂದು ಅತ್ತಳು.

ಹೊರಡುವ ದಿನ ಟ್ಯಾಕ್ಸಿ ಬಂದು ಹಾರನ್ ಹೊಡೆಯುತ್ತಿತ್ತು. ಚಿಕ್ಕವಳು ಡ್ಯೂಟಿಗೆ ರಜೆ ಹಾಕಿ ವಿಮಾನ ನಿಲ್ದಾಣದವರೆಗೆ ಹೊರಟಿದ್ದಳು. ಟ್ಯಾಕ್ಸಿಯ ಬಾಗಿಲ ಹತ್ತಿರವೂ ಬಸ್ಸಿನಲ್ಲಿ ನಿಂತಂತೆ ನಿಂತು, "ಬೇಗ ಬೇಗ, ರೈಟ್ ಹೇಳ್ತೀನಿ," ಎಂದು ಅವಸರ ಮಾಡುತ್ತಿದ್ದಳು. ಅಪ್ಪ ಸೂಟ್‌ಕೇಸನ್ನು ತಾವೇ ಹೊತ್ತು ಗೇಟಿನವರೆಗೆ ತಂದರು. ದೊಡ್ಡವಳು ಅತ್ತೆಯನ್ನು ತಬ್ಬಿಕೊಂಡಳು. ಅಪ್ಪನ ಮುಂದೆ ಬಂದು ನಿಂತಳು.

"ಭಾನುವಾರ ಫೋನ್ ಮಾಡ್ತೀನಿ," ಎಂದಳು. "ಹನ್ನೊಂದಕ್ಕೆ."

ಅಪ್ಪನ ಮುಖ ಅರಳಿತು.

"ಅತ್ತೆ ಎತ್ತಲಿ. ನೀವು ಎತ್ತಬೇಡಿ."

ಅಪ್ಪ ಸೂಟ್‌ಕೇಸಿನ ಹಿಡಿಯನ್ನು ಬಿಟ್ಟಿರಲಿಲ್ಲ. "ಎಷ್ಟು ದಿನ?" ಎಂದು ಕೇಳಿದರು.

"ನಾನು ಹೇಳೋವರೆಗೂ."

"ಸರಿ," ಎಂದರು ಅಪ್ಪ. ಪೆಟ್ಟಿಗೆಯನ್ನು ಡಿಕ್ಕಿಗೆ ಹಾಕಿದರು. ಟ್ಯಾಕ್ಸಿ ತಿರುವಿನಲ್ಲಿ ಮರೆಯಾದ ಮೇಲೂ ಅಲ್ಲೇ ನಿಂತಿದ್ದರು. ಒಳಗೆ ಬಾ ಎಂದು ಅತ್ತೆ ಎರಡು ಸಲ ಕರೆದಳು.

ಭಾನುವಾರ ಚಿಕ್ಕವಳಿಗೆ ಡ್ಯೂಟಿ. ಬಟ್ಟೆಯ ಪಾಳಿ ಈಗ ಅತ್ತೆಯದು, ಅವಳು ತಾರಸಿಯಲ್ಲಿದ್ದಳು. ಹನ್ನೊಂದು ಹೊಡೆದು ಎರಡು ನಿಮಿಷಕ್ಕೆ ಫೋನ್ ರಿಂಗಾಯಿತು. ಅಪ್ಪ ಅದರ ಪಕ್ಕದ ಕುರ್ಚಿಯಲ್ಲೇ ಕೂತಿದ್ದರು. ದಡಕ್ಕನೆ ಎದ್ದರು. ಕೈ ತಾನಾಗಿಯೇ ಮುಂದೆ ಹೋಯಿತು; ಅದನ್ನು ಇನ್ನೊಂದು ಕೈಯಿಂದ ಹಿಡಿದುಕೊಂಡರು.

"ಅಕ್ಕಾ! ಫೋನು! ಬೇಗ ಬಾ ಅಕ್ಕಾ!"

ಫೋನ್ ಬಡಿದುಕೊಳ್ಳುತ್ತಲೇ ಇತ್ತು. ಅವರು ಮೆಟ್ಟಿಲವರೆಗೆ ಓಡಿದರು, ಮತ್ತೆ ಫೋನಿನ ಹತ್ತಿರ ಓಡಿಬಂದರು, ಮತ್ತೆ ಮೆಟ್ಟಿಲಿಗೆ. ಅತ್ತೆ ಒದ್ದೆ ಕೈಯಲ್ಲಿ ಒಂದೊಂದೇ ಮೆಟ್ಟಿಲಿಳಿದು ಏದುಸಿರು ಬಿಡುತ್ತ ಬಂದಳು.

"ಅಲ್ಲೇ ಇದೀಯಲ್ಲೋ, ಎತ್ತಿ ತಡಿ ಅಂತಾದ್ರೂ ಹೇಳಬಾರದಾ?"

"ನಾನು ಎತ್ತೋ ಹಾಗಿಲ್ಲ. ಬೇಗ, ಬೇಗ!"

ಅತ್ತೆ ಎತ್ತಿದಳು. "ಹಲೋ. ಹೂಂ ಕಣೇ, ನಾನೇ... ಚೆನ್ನಾಗಿ ತಲುಪಿದ್ಯಾ?... ಅವನು ಬಂದಿದ್ನಾ?... ಹೂಂ... ಹೂಂ..."

ಅಪ್ಪ ಎದುರಿಗೆ ನಿಂತು ಅವಳ ತುಟಿಯನ್ನೇ ನೋಡುತ್ತಿದ್ದರು. "ಊಟ ಮಾಡಿದ್ಲಾ ಕೇಳು," ಎಂದು ಪಿಸುಗುಟ್ಟಿದರು. "ಚಳಿ ಎಷ್ಟಿದೆ ಕೇಳು. ಸ್ವೆಟರ್ ಸಾಕಾ ಕೇಳು."

ಅತ್ತೆ ಕೇಳಿದಳು. ಯಾರು ಕೇಳಿಸುತ್ತಿದ್ದಾರೆಂದು ಹೇಳಲಿಲ್ಲ. ನಾಲ್ಕು ನಿಮಿಷಕ್ಕೆ ಮಾತು ಮುಗಿಯಿತು.

"ಏನಂದ್ಲು?"

"ಊಟ ಆಯ್ತಂತೆ. ಚಳಿ ಇದೆಯಂತೆ, ಸ್ವೆಟರ್ ಸಾಕಂತೆ."

"ಇನ್ನೇನಂದ್ಲು?"

"ಅಷ್ಟೇ ಕಣೋ."

ಅಪ್ಪ ಒದ್ದೆಯಾಗಿದ್ದ ಫೋನನ್ನು ಅಂಗಿಯ ತುದಿಯಿಂದ ಒರೆಸಿದರು.

"ಮುಂದಿನ ಭಾನುವಾರ ಬಟ್ಟೆ ನಾನು ಒಗೀತೀನಿ," ಎಂದರು. "ಹನ್ನೊಂದಕ್ಕೆ ನೀನು ಎಲ್ಲೂ ಹೋಗಬೇಡ ಅಕ್ಕ."